ಹ್ಯಾರಿ ಪಾಟರ್ ಆಯ್ತು, ಮುಂದೇನು ಅಂತ ಕೇಳಿದವರಿಗೆ

ಬಾಗಲಕೋಟೆಯಿಂದ ಒಬ್ಬರು ಕೇಳಿದ್ದಾರೆ: ಹ್ಯಾರಿ ಪಾಟರ್ ಪೂರ್ತಿ ಮುಗಿಸಿದೆ, ‘ಲಾರ್ಡ್ ಆಫ್ ದಿ ರಿಂಗ್ಸ್’ ಶುರು ಮಾಡಿ ಅರ್ಧಕ್ಕೇ ಬಿಟ್ಟೆ, ಫ್ಯಾಂಟಸಿಯಲ್ಲಿ ಇನ್ನೇನು ಓದಲಿ?

ಆ ದೊಡ್ಡ ಪುಸ್ತಕ ಸದ್ಯ ಹಾಗೇ ಇರಲಿ ಬಿಡಿ. ಮೊದಲು ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಹಿಡಿಯಿರಿ. 1968ರದ್ದು, ಇನ್ನೂರು ಪುಟದ ಆಸುಪಾಸು. ಹ್ಯಾರಿ ಪಾಟರ್‌ಗಿಂತ ಎಷ್ಟೋ ಮೊದಲೇ ಇಲ್ಲಿ ಮಾಂತ್ರಿಕರ ಶಾಲೆ ಇದೆ. ಗೆಡ್ ಅನ್ನೋ ಹುಡುಗ, ಆಡು ಕಾಯ್ದು ಬೆಳೆದವನು, ಜಂಭಕ್ಕೆ ಬಿದ್ದು ಸತ್ತವರನ್ನು ಕರೆಯಲು ಹೋಗುತ್ತಾನೆ, ಆಗ ಒಂದು ನೆರಳು ಹೊರಗೆ ಬಂದು ಅವನ ಮುಖ ಹರಿದು ಹಾಕುತ್ತದೆ, ಆಮೇಲೆ ಬೆನ್ನು ಬಿಡೋದಿಲ್ಲ. ನನಗೆ ಹಿಡಿಸಿದ್ದು ಏನಂದ್ರೆ, ಇಲ್ಲಿ ಮಂತ್ರ ಪುಕ್ಕಟೆ ಅಲ್ಲ. ರೋಕ್ ದ್ವೀಪದಲ್ಲಿ ಮಳೆ ತರಿಸಿದರೆ ಆಸ್ಕಿಲ್ ಅನ್ನೋ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು ಅಂತ ಗುರುಗಳು ಎಚ್ಚರಿಸುತ್ತಾರೆ. ನಮ್ಮ ವಿಜಯಪುರದ ಕಡೆ ಮಳೆಗಾಗಿ ಮುಗಿಲು ನೋಡಿಕೊಂಡೇ ಬೆಳೆದವರಿಗೆ ಆ ಮಾತು ಬೇಗ ತಾಗುತ್ತದೆ ನೋಡ್ರಿ.

ಮುಂದಿನ ಭಾಗ ‘ದಿ ಟೂಂಬ್ಸ್ ಆಫ್ ಅಟುವಾನ್’ ನಿಧಾನಕ್ಕೆ ಸಾಗುತ್ತದೆ, ಬಿಡಬೇಡಿ. ನೆಲದಡಿಯ ಕಗ್ಗತ್ತಲಲ್ಲಿ ತೆನಾರ್ ಅನ್ನೋ ಹುಡುಗಿ ಗೋಡೆ ತಡವುತ್ತ, ತಿರುವು ಎಣಿಸುತ್ತ ನಡೆಯೋದನ್ನು ಓದುವಾಗ ನಮ್ಮ ಕೈಯೂ ಗೋಡೆ ಹುಡುಕುತ್ತದೆ.

ಆಮೇಲೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರದ್ದೇ ‘ದಿ ಹಾಬಿಟ್’, 1937ರದ್ದು. ಮಕ್ಕಳಿಗೆ ಬರೆದದ್ದು, ಓದಿಸಿಕೊಂಡು ಹೋಗುತ್ತದೆ. ದೊಡ್ಡ ಪುಸ್ತಕದ ಆ ಉಂಗುರ ಕಥಾನಾಯಕ ಬಿಲ್ಬೋಗೆ ಸಿಗೋದು ಇದರಲ್ಲೇ, ಗುಹೆಯೊಳಗೆ. ಅಲ್ಲಿರೋ ಗೊಲ್ಲಮ್ ಅನ್ನೋ ವಿಚಿತ್ರ ಜೀವಿ ಜೊತೆ ಪ್ರಾಣ ಪಣಕ್ಕಿಟ್ಟು ಒಗಟು ಹಾಕುವ ಆ ಅಧ್ಯಾಯ ಹಿಡಿಸಿದರೆ ದೊಡ್ಡ ಪುಸ್ತಕಕ್ಕೆ ವಾಪಸ್ ಬನ್ನಿ, ಈ ಸಲ ಬಿಡೋದಿಲ್ಲ. ನಗಬೇಕು ಅನ್ನಿಸಿದರೆ ಟೆರಿ ಪ್ರಾಚೆಟ್. ಅವರ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿ ಇವೆ, ಕ್ರಮವಾಗಿ ಓದಬೇಕು ಅಂತೇನಿಲ್ಲ. ‘ಗಾರ್ಡ್ಸ್! ಗಾರ್ಡ್ಸ್!’ನಿಂದ ಶುರು ಮಾಡಿ.

ಇನ್ನು ಕನ್ನಡದಲ್ಲಿ ಇಂಥದ್ದು ಇಲ್ಲ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಜನಪದ ಕಥೆಗಳನ್ನು ಓದಿ. ಒಂದರಲ್ಲಿ ಕೊಡ ನೀರು ಸುರಿದರೆ ಹುಡುಗಿ ಹೂವಿನ ಗಿಡವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂವು ಕೀಳುವಾಗ ಒಂದು ಎಲೆಗೂ ನೋವಾಗಬಾರದು. ಗಂಡನ ತಂಗಿ ಕೊಂಬೆ ಮುರಿಯುತ್ತಾಳೆ, ಹುಡುಗಿಗೆ ಕೈಕಾಲೇ ಇಲ್ಲದಂತಾಗುತ್ತದೆ. ಲೆ ಗ್ವಿನ್ ಓದಿ ಇದನ್ನು ಓದಿದರೆ ಎರಡೂ ಒಂದೇ ಊರಿನ ಕಥೆ ಅನ್ನಿಸುತ್ತದೆ, ಅಲ್ವಾ? ದಪ್ಪ ಕಾದಂಬರಿಯೇ ಬೇಕು ಅಂದ್ರೆ ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಇದೆ, ಅದಕ್ಕೆ ಪುರುಸೊತ್ತು ಬೇಕು.

ಹತ್ತು-ಹನ್ನೆರಡು ವರ್ಷದ ಮಕ್ಕಳು ಕನ್ನಡದಲ್ಲೇ ಓದುವಂಥವು ಗೊತ್ತಿದ್ದವರು ಸೇರಿಸಿ, ನನಗೂ ಬೇಕು.