ನನಗೆ ಏನು ಕಲಿಯಬೇಕಿದೆ ಅಂತ ಬರೆಯುವುದು ಹೇಗೆ?

ಬದಿಯಡ್ಕ_ಹುಡುಗಿ:
ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಕಾಸರಗೋಡಿನಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿ, 2024ರಲ್ಲಿ ಕೇರಳದಲ್ಲಿ ಶುರುವಾದ ನಾಲ್ಕು ವರ್ಷದ ಕೋರ್ಸ್. ಪಾಠ ಅರ್ಥವಾಗುತ್ತದೆ, ಆದರೆ ಲ್ಯಾಬ್ ರೆಕಾರ್ಡ್ ಬರೆಯುವಾಗ ಕೈ ನಿಲ್ಲುತ್ತದೆ. ಮಲಯಾಳ ಮಾತಾಡುತ್ತೇನೆ, ಓದಲು ಬರುವುದಿಲ್ಲ. ನಿಮ್ಮ ಕಲಿಕೆಯ ಅಗತ್ಯಗಳನ್ನು ಬರೆದು ಕೊಡಿ ಅಂದಿದ್ದಾರೆ ಮೇಡಂ. ‘ಇಂಗ್ಲಿಷ್ ಸುಧಾರಿಸಬೇಕು’ ಅಂದರೆ ಸಾಕಾ?

ಕುಂಬಳೆ_ಅಕ್ಕ:
ಸಾಕಾಗುವುದಿಲ್ಲ ತಂಗಿ. ಅದನ್ನು ಓದಿ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ನಿನಗೇ ಗೊತ್ತಾಗುವುದಿಲ್ಲ ಅಲ್ವಾ? ರೆಕಾರ್ಡ್ ತೆರೆದು ಎಲ್ಲಿ ನಿಂತೆ ನೋಡು. ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಪ್ರೆಸಿಪಿಟೇಟ್ (ಗಸಿ) ಬಂತು, ಅದು ಕಣ್ಣಿಗೆ ಕಂಡದ್ದು. ಕ್ಲೋರೈಡ್ ಇರಬಹುದು ಅನ್ನುವುದು ಅದರಿಂದ ಊಹಿಸಿದ್ದು. ಇವೆರಡನ್ನೂ ಮೊದಲು ಕನ್ನಡದಲ್ಲಿ ಬರೆದುಕೋ. ಅಲ್ಲೂ ತಡವರಿಸಿದರೆ ಕೊರತೆ ಕೆಮಿಸ್ಟ್ರಿಯದ್ದು, ಇಂಗ್ಲಿಷಿನದ್ದಲ್ಲ. ಸರಾಗವಾಗಿ ಬಂದರೆ ನಿನಗೆ ಬೇಕಾದದ್ದು ರೆಕಾರ್ಡಿಗೆ ಬೇಕಾಗುವ ಕೆಲವು ಇಂಗ್ಲಿಷ್ ವಾಕ್ಯಗಳು ಮಾತ್ರ, ಸುಮ್ನೆ ದೊಡ್ಡ ಗ್ರಾಮರ್ ಪುಸ್ತಕ ಹಿಡಿಯಬೇಡ.

ಮಂಜೇಶ್ವರದವ:
ಮಲಯಾಳಕ್ಕೆ ಬಸ್ಸಿನ ಬೋರ್ಡ್ ಸಾಕು. ಊರಿನ ಹೆಸರು ಗೊತ್ತಿರುವುದರಿಂದ ಅಕ್ಷರ ಬೇಗ ಹತ್ತುತ್ತದೆ. ಆಮೇಲೆ ಕಾಲೇಜಿನ ನೋಟೀಸ್ ಓದು.

ಬದಿಯಡ್ಕ_ಹುಡುಗಿ:
ಅಕ್ಕ, ಆನರ್ಸ್ ಬೇಕಾ ಅಂತಲೂ ಈಗಲೇ ಬರೆಯಬೇಕಾ?

ಕುಂಬಳೆ_ಅಕ್ಕ:
ಮೂರು ವರ್ಷಕ್ಕೆ ಡಿಗ್ರಿ ತಗೊಂಡು ಹೊರಡಬಹುದು, ನಾಲ್ಕನೆಯದು ಆನರ್ಸಿಗೆ. ಇನ್ನೂ ತೀರ್ಮಾನಿಸಿಲ್ಲ ಅಂತಲೇ ಬರಿ. ಬೇಕಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಒಂದು ಕೋರ್ಸ್ ನೋಡು, ಪಾಠ ಪುಕ್ಕಟೆ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀಸು.