ಪುಣೆ: ವಿವಿಯ ಡಿಜಿಟಲ್ ಕೆಲಸ, ಕ್ಯಾಂಪಸ್ ನಿರ್ವಹಣೆ ಎರಡೂ ಒಬ್ಬರ ಮೇಲೆ. ಯಾವುದರಿಂದ ಶುರು ಮಾಡುವುದು?

ಔಂಧ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಒಂದು ವಿವಿಯಲ್ಲಿ ಐಟಿ ಮತ್ತು ಕ್ಯಾಂಪಸ್ ನಿರ್ವಹಣೆ ಎರಡನ್ನೂ ಸೇರಿಸಿ ಒಂದೇ ಹುದ್ದೆ ಮಾಡಿದ್ದಾರೆ, ಅದು ನನಗೆ ಬಂದಿದೆ. ವಿದ್ಯಾರ್ಥಿಗಳು ಸುಮಾರು 6,000, ಅದರಲ್ಲಿ ಹಾಸ್ಟೆಲಿನವರು 1,500. ಪರೀಕ್ಷೆ, ರಿಸಲ್ಟ್ ಎಲ್ಲ ನಮ್ಮದೇ. ಸದ್ಯ ಅಡ್ಮಿಶನ್‌ಗೆ ಒಂದು ಸಾಫ್ಟ್‌ವೇರ್, ಫೀಗೆ ಟ್ಯಾಲಿ ಮತ್ತು ಎಕ್ಸೆಲ್, ಪರೀಕ್ಷೆಗೆ ಓಬೀರಾಯನ ಕಾಲದ ಫಾಕ್ಸ್‌ಪ್ರೊ, ಲೈಬ್ರರಿಗೆ ಕೊಹಾ. ಉಳಿದದ್ದೆಲ್ಲ ವಾಟ್ಸಾಪ್ ಗ್ರೂಪು.

ಇಆರ್‌ಪಿ (ವಿವಿಯ ಎಲ್ಲ ವಿಭಾಗದ ಕೆಲಸ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ಕಂಪನಿಯವರು ಜೂನ್‌ನಲ್ಲಿ ಅದರ 18 ಮಾಡ್ಯೂಲ್ (ಭಾಗ) ಒಟ್ಟಿಗೇ ಲೈವ್ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಮ್ಯಾನೇಜ್‌ಮೆಂಟಿಗೂ ಅದೇ ಆಸೆ. ಜೊತೆಗೆ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಸ್ಕ್ರೀನ್ ಮೇಲೇ ತಿದ್ದಿಸುವ ಯೋಚನೆ, ಕರೆಂಟು ನೀರಿಗೆ ಸೆನ್ಸರ್ ಹಾಕುವ ಪ್ರಸ್ತಾಪ. ಯಾವುದು ಮೊದಲು, ಯಾವುದು ಆಮೇಲೆ? ಈ ಕೆಲಸ ಹತ್ತಿರದಿಂದ ಬಲ್ಲವರು ವಿವರವಾಗಿ ಬರೆದರೆ ಉಪಕಾರ.

ಕೋಥರೂಡ್_ರಾಯರು

18 ಮಾಡ್ಯೂಲ್ ಒಟ್ಟಿಗೆ ಬೇಡವೇ ಬೇಡ. ಮೊದಲ ವರ್ಷಕ್ಕೆ ಮೂರೇ ಸಾಕು: ನೋಂದಣಿ, ಫೀ, ಪರೀಕ್ಷೆ. ಹಾಸ್ಟೆಲ್, ಬಸ್, ಪ್ಲೇಸ್‌ಮೆಂಟ್ ಎಲ್ಲ ಈ ಮೂರರ ಹೆಗಲ ಮೇಲೆ ನಿಲ್ಲುವಂಥವು. ಅಡಿಪಾಯದ ದಾಖಲೆ ಸರಿಯಿಲ್ಲದೆ ಅವನ್ನು ಕಟ್ಟಿದರೆ ಅದೇ ತಪ್ಪು 15 ಕಡೆ ಹರಡುತ್ತದೆ.

ಜೂನ್ ಕೂಡ ಬೇಡ. ಸಿಇಟಿ ಸೆಲ್‌ನ (ರಾಜ್ಯದ ಪ್ರವೇಶ ಪರೀಕ್ಷಾ ಘಟಕ) ಕ್ಯಾಪ್ ರೌಂಡುಗಳು, ಅಂದರೆ ಕೇಂದ್ರೀಕೃತ ಸೀಟು ಹಂಚಿಕೆಯ ಸುತ್ತುಗಳು, ಮಳೆಗಾಲವಿಡೀ ನಡೆಯುತ್ತಿರುತ್ತವೆ. ಮೊದಲ ರೌಂಡಿನಲ್ಲಿ ನಿಮ್ಮಲ್ಲಿಗೆ ಬಂದ ಹುಡುಗ ಮುಂದಿನ ರೌಂಡಿನಲ್ಲಿ ಬೇರೆ ಕಾಲೇಜಿಗೆ ಹಾರುತ್ತಾನೆ. ಬಂದವರಿಗೆಲ್ಲ ಆಗಲೇ ಪಿಆರ್‌ಎನ್ (ಕಾಯಂ ನೋಂದಣಿ ಸಂಖ್ಯೆ) ಕೊಟ್ಟರೆ ಸೆಪ್ಟೆಂಬರ್ ಹೊತ್ತಿಗೆ ವಾರಸುದಾರರಿಲ್ಲದ ನೂರಾರು ನಂಬರು ಉಳಿದು, ರೋಲ್ ಲಿಸ್ಟ್, ಮೂಡಲ್ (ಆನ್‌ಲೈನ್ ಪಾಠದ ತಾಣ), ಲೈಬ್ರರಿ ಕಾರ್ಡು ಎಲ್ಲದರಲ್ಲೂ ಸತ್ತ ಹೆಸರುಗಳು. ಮೊದಲು ತಾತ್ಕಾಲಿಕ ನಂಬರು, ಕೊನೆಯ ರೌಂಡ್ ಮುಗಿದು ಮೂಲ ದಾಖಲೆ ಪರಿಶೀಲನೆಯಾದ ಮೇಲೆ ಪಿಆರ್‌ಎನ್. ಕೊಟ್ಟ ಪಿಆರ್‌ಎನ್ ಇನ್ನೊಬ್ಬರಿಗೆ ಯಾವತ್ತೂ ಹೋಗಕೂಡದು.

ಹೆಸರಿನ ಕಾಲಂ ಬಗ್ಗೆ ಇಲ್ಲಿನವರಿಗೆ ಅಷ್ಟಾಗಿ ಹೊಳೆಯುವುದಿಲ್ಲ, ನಮ್ಮವರಿಗೆ ಮಾತ್ರ ಚೆನ್ನಾಗಿ ತಟ್ಟುತ್ತದೆ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ತಂದೆಯ ಹೆಸರು. ತಾಯಿಯ ಹೆಸರಿಗೆ ಬೇರೆ ಜಾಗ. ಕರ್ನಾಟಕದಿಂದ ಬಂದವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಷ್ಟೋ ಸಲ ಬರೀ ಇನಿಶಿಯಲ್, ಆಧಾರ್‌ನಲ್ಲಿ ಅದೇ ಬಿಡಿಸಿ ಬರೆದಿರುತ್ತದೆ. ಸಾಫ್ಟ್‌ವೇರ್ ಅಡ್ಡಹೆಸರು ಕಡ್ಡಾಯ ಎಂದು ಕೂತರೆ ಗುಮಾಸ್ತ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾನೆ. ಆ ಚುಕ್ಕಿ ಡಿಗ್ರಿ ಸರ್ಟಿಫಿಕೇಟಿನವರೆಗೂ ಬರುತ್ತದೆ. ಆದ್ದರಿಂದ ಹತ್ತನೇ ತರಗತಿಯ ಅಂಕಪಟ್ಟಿಯಂತೆ ಒಂದು ಹೆಸರು, ಆಧಾರ್‌ನಂತೆ ಒಂದು, ದೇವನಾಗರಿಯಲ್ಲಿ ಒಂದು, ಹೀಗೆ ಮೂರು ಬೇರೆ ಬೇರೆ ಕಾಲಂ ಇಡಿಸಿ. ದೇವನಾಗರಿ ಹೆಸರನ್ನು ಯಂತ್ರಕ್ಕೆ ಬಿಡಬೇಡಿ, ಳ ಹೋಗಿ ಲ ಬಂದಿರುತ್ತದೆ. ವಿದ್ಯಾರ್ಥಿಯೇ ನೋಡಿ ಒಪ್ಪಬೇಕು. ಅಪಾರ್ ಐಡಿಯ (ವಿದ್ಯಾರ್ಥಿಯ ರಾಷ್ಟ್ರೀಯ ಗುರುತು ಸಂಖ್ಯೆ) 12 ಅಂಕಿ ಡಿಜಿಲಾಕರ್ ಮೂಲಕ ಬರುವುದು ಆಧಾರ್ ಹೆಸರಿನ ಮೇಲೆ. ನಿಮ್ಮ ದಾಖಲೆಯ ಹೆಸರು ಅದಕ್ಕೆ ಹೊಂದದಿದ್ದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಕೂಡಿಡುವ ರಾಷ್ಟ್ರೀಯ ಖಾತೆ) ಕ್ರೆಡಿಟ್ ಏರಿಸುವಾಗ ತಕರಾರು ಏಳುತ್ತದೆ. ಸೆಮಿಸ್ಟರ್ ಕೊನೆಯಲ್ಲಿ ಅದನ್ನು ಬಿಡಿಸುತ್ತ ಕೂರುವುದಕ್ಕಿಂತ ನೋಂದಣಿಯ ದಿನವೇ ಹಿಡಿಯುವುದು ಸುಲಭ.

ಫೀ ವಿಷಯ. ಹುಡುಗರು ಯುಪಿಐನಲ್ಲಿ ಕಟ್ಟಿ, ಪುಟ ಮರಳಿ ಬರುವ ಮುಂಚೆಯೇ ಬ್ರೌಸರ್ ಮುಚ್ಚುತ್ತಾರೆ. ಸಾಫ್ಟ್‌ವೇರ್ ಆ ಪುಟವನ್ನೇ ನಂಬಿಕೊಂಡಿದ್ದರೆ ದುಡ್ಡು ಹೋಯಿತು, ರಸೀದಿ ಬರಲಿಲ್ಲ. ಅಪ್ಪ ಮತ್ತೆ ಕಟ್ಟುತ್ತಾನೆ. ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಹಣ ವಸೂಲಿ ಮಾಡಿಕೊಡುವ ಸಂಸ್ಥೆ) ಸರ್ವರಿನಿಂದ ನಿಮ್ಮ ಸರ್ವರಿಗೆ ನೇರ ಸಂದೇಶ ಬರಬೇಕು. ಅದೂ ತಪ್ಪಿದರೆ 15 ನಿಮಿಷಕ್ಕೊಮ್ಮೆ ಬಾಕಿ ಆರ್ಡರುಗಳ ಸ್ಥಿತಿಯನ್ನು ನಿಮ್ಮ ಕಡೆಯಿಂದಲೇ ಕೇಳುವ ವ್ಯವಸ್ಥೆ ಇರಬೇಕು. ದಿನಾ ಬೆಳಿಗ್ಗೆ ಹಿಂದಿನ ದಿನದ ಸೆಟಲ್‌ಮೆಂಟ್ ಫೈಲನ್ನು (ಬ್ಯಾಂಕಿಗೆ ಜಮಾ ಆದ ಹಣದ ಪಟ್ಟಿ) ಯುಟಿಆರ್ ನಂಬರ್ (ಬ್ಯಾಂಕ್ ವರ್ಗಾವಣೆಯ ಗುರುತು ಸಂಖ್ಯೆ) ಹಿಡಿದು ತಾಳೆ ನೋಡುವ ಕೆಲಸ ಅಕೌಂಟ್ಸ್‌ನ ಒಬ್ಬರ ಹೆಸರಿಗೇ ಬರೆದಿರಲಿ. ಆದ ರಸೀದಿಯನ್ನು ತಿದ್ದುವ ಅಧಿಕಾರ ಯಾರಿಗೂ ಬೇಡ. ತಪ್ಪಾದರೆ ರಿವರ್ಸಲ್ ಎಂಟ್ರಿ (ಅದನ್ನು ರದ್ದುಮಾಡುವ ಇನ್ನೊಂದು ದಾಖಲೆ).

ಮಹಾಡಿಬಿಟಿಯಡಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಬರುವ ವಿದ್ಯಾರ್ಥಿಗಳಿದ್ದರೆ ಲೆಜರಿನಲ್ಲಿ ವಿದ್ಯಾರ್ಥಿಯ ಪಾಲು, ಸರ್ಕಾರದ ಪಾಲು ಎರಡು ಕಡೆ ಇರಲಿ. 2024-25ರಿಂದ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರು), ಎಸ್‌ಇಬಿಸಿ (ಸಾಮಾಜಿಕ, ಶೈಕ್ಷಣಿಕವಾಗಿ ಹಿಂದುಳಿದವರು), ಒಬಿಸಿ ಹುಡುಗಿಯರಿಗೆ, ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿದ್ದರೆ, ಕ್ಯಾಪ್ ಮೂಲಕ ಸೇರುವ ವೃತ್ತಿಪರ ಕೋರ್ಸುಗಳ ಶಿಕ್ಷಣ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಸರ್ಕಾರದ್ದು. ಬಾಕಿ ಇದ್ದವರ ಹಾಲ್ ಟಿಕೆಟ್ ತಡೆಯುವ ನಿಯಮವನ್ನು ಕಣ್ಣು ಮುಚ್ಚಿ ಹಾಕಿದರೆ ಸರ್ಕಾರ ಕೊಡಬೇಕಾದ ದುಡ್ಡಿಗೆ ಆ ಹುಡುಗಿಯ ಹಾಲ್ ಟಿಕೆಟ್ ನಿಲ್ಲುತ್ತದೆ.

ಹಳೇ ಡೇಟಾದಲ್ಲಿ ಈಗ ಓದುತ್ತಿರುವವರದ್ದನ್ನು ಮಾತ್ರ ತನ್ನಿ. ಹಳಬರದ್ದು ಓದಲಷ್ಟೇ ಬರುವಂತೆ ಬೇರೆ ಇರಲಿ. ತಂದ ಮೇಲೆ ಎಲ್ಲ ವಿದ್ಯಾರ್ಥಿಗಳ ಸಿಜಿಪಿಎಯನ್ನು ಹೊಸ ವ್ಯವಸ್ಥೆಯಲ್ಲಿ ಮತ್ತೆ ಲೆಕ್ಕ ಹಾಕಿಸಿ, ಫಾಕ್ಸ್‌ಪ್ರೊದ ಅಂಕಿಗೆ ಹೋಲಿಸಿ. ಹತ್ತಿಪ್ಪತ್ತು ಜನರದ್ದು ನೋಡಿ ಸಾಕೆನ್ನಬೇಡಿ, ಪ್ರತಿಯೊಬ್ಬರದ್ದೂ ಬೇಕು. ವ್ಯತ್ಯಾಸ ಬರುವ ಜಾಗ ಮೂರು: ದಶಮಾಂಶ ಕತ್ತರಿಸುವ ರೀತಿ, ಗ್ರೇಸ್ ಮಾರ್ಕ್ಸ್, ಎಟಿಕೆಟಿಯಲ್ಲಿ (ಬಾಕಿ ವಿಷಯ ಇಟ್ಟುಕೊಂಡೇ ಮುಂದಿನ ತರಗತಿಗೆ ಹೋಗುವ ಸೌಲಭ್ಯ) ಪಾಸಾದವರ ಗ್ರೇಡ್. ಹಳೇ ಪ್ರೋಗ್ರಾಂ ಏನು ಮಾಡುತ್ತಿತ್ತು ಅನ್ನುವುದು ಆರ್ಡಿನೆನ್ಸ್‌ನಲ್ಲಿ (ವಿವಿಯ ನಿಯಮಾವಳಿ) ಇರುವುದಿಲ್ಲ, ಪರೀಕ್ಷಾ ವಿಭಾಗದ ಒಬ್ಬ ಹಿರಿಯ ಗುಮಾಸ್ತರ ತಲೆಯಲ್ಲಿರುತ್ತದೆ. ಅವರು ನಿವೃತ್ತರಾಗುವ ಮೊದಲು ಬರೆಸಿಕೊಳ್ಳಿ!

ಒಪ್ಪಂದದಲ್ಲಿ ಎರಡು ಮಾತು ಸೇರಿಸಿ. ತಿಂಗಳಿಗೊಮ್ಮೆ ಪೂರ್ತಿ ಡೇಟಾ ಸಿಎಸ್‌ವಿಯಲ್ಲಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಫೈಲ್), ಯಾವ ಕಾಲಂ ಏನು ಎಂಬ ವಿವರದೊಂದಿಗೆ ನಿಮ್ಮ ಕೈಸೇರಬೇಕು. ಮತ್ತು ಹಣದ ಕೊನೆಯ 30 ಪ್ರತಿಶತ, ಒಂದು ಸೆಮಿಸ್ಟರ್ ನೋಂದಣಿಯಿಂದ ರಿಸಲ್ಟ್‌ವರೆಗೆ ಆ ವ್ಯವಸ್ಥೆಯಲ್ಲೇ ಮುಗಿದ ಮೇಲೆ. ಸರ್ಕಾರಿ ವಿವಿಗಳಿಗಾದರೆ ಶಿಕ್ಷಣ ಸಚಿವಾಲಯದ ಯೋಜನೆಯಡಿ ದೆಹಲಿ ವಿವಿಯಲ್ಲಿ ತಯಾರಾದ ಸಮರ್ಥ್ ಎಂಬ ಇಆರ್‌ಪಿ ಇದೆ. ಕಂಪನಿಯವರ ಜೊತೆ ಮಾತಿಗೆ ಕೂರುವ ಮುನ್ನ ಅದರ ಮಾಡ್ಯೂಲ್ ಪಟ್ಟಿಯನ್ನಾದರೂ ಒಮ್ಮೆ ಓದಿ.

ಮಾಡರೇಶನ್_ಮನೆ

ರಾಯರ ಮಾತಿಗೆ ನನ್ನದೂ ಒಂದು ವೋಟು. ಸ್ಕ್ರೀನ್ ಮೇಲೆ ತಿದ್ದಿಸುವುದರ ಬಗ್ಗೆ ಮಾತ್ರ ಬರೆಯುತ್ತೇನೆ.

2017ರಲ್ಲಿ ಮುಂಬೈ ವಿವಿ ಸುಮಾರು 17 ಲಕ್ಷ ಉತ್ತರಪತ್ರಿಕೆಗಳನ್ನು ಒಂದೇ ಸಲಕ್ಕೆ ಈ ಪದ್ಧತಿಗೆ ಹಾಕಿತು. 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆ 30 ದಿನದಲ್ಲಿ, ತೀರಾ ತಡವೆಂದರೆ 45 ದಿನದಲ್ಲಿ ರಿಸಲ್ಟ್ ಕೊಡಿ ಎನ್ನುತ್ತದೆ. ರಿಸಲ್ಟ್ ತಿಂಗಳುಗಟ್ಟಲೆ ಎಳೆಯಿತು, ಅಕ್ಟೋಬರ್‌ನಲ್ಲಿ ಕುಲಪತಿಯನ್ನೇ ವಜಾ ಮಾಡಿದರು. ಪದ್ಧತಿ ಕೆಟ್ಟದ್ದಲ್ಲ, ಸಣ್ಣದರಲ್ಲಿ ಪರೀಕ್ಷಿಸದೆ ದೊಡ್ಡದಕ್ಕೆ ಹಾಕಿದ್ದು ಕೆಟ್ಟಿತು.

ನಿಮ್ಮ ಲೆಕ್ಕ ನೋಡೋಣ. 6,000 ಜನ, ತಲಾ 6 ಪೇಪರ್ ಅಂದರೆ 36,000 ಉತ್ತರಪತ್ರಿಕೆ. ಒಂದೊಂದಕ್ಕೆ 32 ಪುಟ, 16 ಹಾಳೆ. ನಿಮಿಷಕ್ಕೆ 60 ಹಾಳೆ ಎಳೆಯುವ ಸ್ಕ್ಯಾನರ್ ಎಂದು ಕಂಪನಿ ಬರೆದಿರುತ್ತದೆ. ಆದರೆ ಪತ್ರಿಕೆಯ ಬೆನ್ನು ಕತ್ತರಿಸಿ, ಹಾಳೆ ಸರಿಮಾಡಿ, ಬಾರ್‌ಕೋಡ್ ಓದಿಸಿ, ಸಿಕ್ಕಿಕೊಂಡಿದ್ದು ಬಿಡಿಸುವಷ್ಟರಲ್ಲಿ ಗಂಟೆಗೆ 100 ಪತ್ರಿಕೆಗಿಂತ ಹೆಚ್ಚು ಎಣಿಸಬೇಡಿ. ದಿನಕ್ಕೆ 7 ಗಂಟೆಯಂತೆ 700. ನಾಲ್ಕು ಸ್ಕ್ಯಾನರ್ ಇದ್ದರೂ 13 ದಿನ ಬೇಕು. ಪುಟಕ್ಕೆ 100 ಕೆಬಿ ಹಿಡಿದರೆ ಒಟ್ಟು ಸುಮಾರು 115 ಜಿಬಿ. ಜಾಗದ ಚಿಂತೆಯಿಲ್ಲ, ದಿನಗಳದ್ದೇ ಚಿಂತೆ.

ಕೆಡುವುದು ಎಲ್ಲಿ? ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಪೆನ್ಸಿಲಿನ ಚಿತ್ರ, ತಿಳಿ ನೀಲಿ ಶಾಯಿ ಮಾಯ. 200 ಡಿಪಿಐ ಗ್ರೇಸ್ಕೇಲ್ (ಬೂದು ಛಾಯೆಗಳೂ ಬರುವ ರೀತಿ) ಇರಲಿ. ಎರಡು ಹಾಳೆ ಒಟ್ಟಿಗೆ ಒಳಗೆ ಹೋದರೆ 2 ಪುಟ ಕಾಣೆ. 32 ಪುಟ ಲೆಕ್ಕಕ್ಕೆ ಬರದ ಪತ್ರಿಕೆಯನ್ನು ಸಾಫ್ಟ್‌ವೇರ್ ತಾನೇ ತಡೆಹಿಡಿಯಬೇಕು. ಎಲ್ಲಕ್ಕಿಂತ ದೊಡ್ಡ ಗೋಳು ಸಪ್ಲಿಮೆಂಟು, ಅಂದರೆ ಹೆಚ್ಚುವರಿ ಹಾಳೆ. ಅದರ ನಂಬರನ್ನು ಮುಖ್ಯ ಪತ್ರಿಕೆಯ ಬಾರ್‌ಕೋಡಿಗೆ ಪರೀಕ್ಷಾ ಕೊಠಡಿಯಲ್ಲೇ ಜೋಡಿಸದಿದ್ದರೆ ಆಮೇಲೆ ಅದು ಯಾರದ್ದೆಂದು ಹುಡುಕುವ ದಾರಿ ಇಲ್ಲ. ಬದಲಿಗೆ ಮುಖ್ಯ ಪತ್ರಿಕೆಯನ್ನೇ 40 ಪುಟ ಮಾಡಿ ಸಪ್ಲಿಮೆಂಟ್ ನಿಲ್ಲಿಸಿ. ಪುಟ ಖಾಲಿ ಉಳಿದರೂ ಪರವಾಗಿಲ್ಲ. ಸ್ಕ್ಯಾನಿಂಗ್ ಮೂರ್ನಾಲ್ಕು ದಿನ ಜಾಸ್ತಿಯಾಗುತ್ತದೆ, ಅದನ್ನು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿ.

ಮೊದಲ ಪ್ರಯೋಗ ಒಂದೇ ವಿಭಾಗದ ಬ್ಯಾಕ್‌ಲಾಗ್ ಪರೀಕ್ಷೆಯ ಮೇಲೆ ಮಾಡಿ. ಸಂಖ್ಯೆ ಕಡಿಮೆ, ತಡವಾದರೂ ಇಡೀ ಬ್ಯಾಚಿನ ರಿಸಲ್ಟ್ ನಿಲ್ಲುವುದಿಲ್ಲ.

ಜತ್ತದಾಂವ

ನೋಡ್ರಿ ಸರ, ಸೆನ್ಸರ್ ಹಾಕೂದು ಆಮ್ಯಾಲ. ಮೊದ್ಲ ಮಹಾವಿತರಣದ (ರಾಜ್ಯದ ಕರೆಂಟ್ ಕಂಪನಿ) 12 ತಿಂಗಳ ಬಿಲ್ಲು ಮುಂದಿಟ್ಟುಕೊಂಡು ಕೂಡ್ರಿ. ಎಚ್‌ಟಿ (ಹೈ ಟೆನ್ಶನ್) ಕನೆಕ್ಷನ್ ಇದ್ರ 2020ರ ಏಪ್ರಿಲ್‌ದಿಂದ ಬಿಲ್ಲು ಕೆವಿಎಎಚ್ (ಕೆಲಸಕ್ಕ ಬಂದದ್ದಷ್ಟ ಅಲ್ಲ, ಲೈನಿನಿಂದ ಎಳದ ಒಟ್ಟು ಕರೆಂಟ್) ಮ್ಯಾಲ ಬರತೈತಿ. ಪವರ್ ಫ್ಯಾಕ್ಟರ್ (ಎಳದದ್ದರಾಗ ಕೆಲಸಕ್ಕ ಬಂದ ಪಾಲು) 0.90 ಇದ್ರ ನೀವು ಸುಟ್ಟಿದ್ದು 100 ಯೂನಿಟ್, ಬಿಲ್ಲಿನಾಗ ಬರೂದು 111. ಎಪಿಎಫ್‌ಸಿ (ಪವರ್ ಫ್ಯಾಕ್ಟರ್ ತಾನ ಸರಿಮಾಡೂ) ಪ್ಯಾನೆಲ್ ಬಾಗಲಾ ತೆಗದು ನೋಡ್ರಿ. ಕೆಪಾಸಿಟರ್ ಉಬ್ಬಿರತಾವ, ಇಲ್ಲಂದ್ರ ಕಾಂಟ್ಯಾಕ್ಟರ್ (ಸ್ವಿಚ್) ಅಂಟಿ ಕುಂತಿರತೈತಿ, ಇಲ್ಲಂದ್ರ ಯಾರೋ ಮ್ಯಾನುವಲ್‌ಗೆ ಹಾಕಿ ಮನಿಗೆ ಹೋಗಿರತಾರ. ಮ್ಯಾನುವಲ್‌ದಾಗ ಬಿಟ್ರ ರಾತ್ರಿ ಲೋಡ್ ಕಡಿಮಿ ಆದಾಗ ಫ್ಯಾಕ್ಟರ್ ಲೀಡಿಂಗ್ (ಉಲ್ಟಾ ಕಡೆ) ಆಗಿ ಅದಕ್ಕೂ ಬಿಲ್ಲು ಏರತೈತಿ. ಇದಕ್ಕ ಯಾವ ಸೆನ್ಸರೂ ಬೇಕಾಗೂದಿಲ್ಲ.

ಆಮ್ಯಾಲ ಮೀಟರ್. ಕಟ್ಟಡಕ್ಕೊಂದು ಮೀಟರ್ ಹಾಕಿ ಮಾಡ್‌ಬಸ್ (ಮೀಟರ್ ಜೋಡಿ ಮಾತಾಡೂ ಪದ್ಧತಿ) ಮ್ಯಾಲ ಓದಿಸೂದು ಚಲೋ. ಆದ್ರ ಕಾಂಟ್ರ್ಯಾಕ್ಟರ್ ತಂತಿ ಎಳ್ಯೂವಾಗ ನಿಂತು ನೋಡ್ರಿ. ಆರ್‌ಎಸ್-485 ತಂತಿ ಒಂದು ಮೀಟರಿಂದ ಇನ್ನೊಂದಕ್ಕ ಸಾಲಾಗಿ ಹೋಗಬೇಕು, ನಡಕಿನಿಂದ ಕವಲು ಒಡೀಬಾರದು. ಎರಡೂ ತುದಿಗೆ 120 ಓಮ್ ರೆಸಿಸ್ಟರ್, ಒಂದು ಸಾಲಿಗೆ 32ಕ್ಕಿಂತ ಹೆಚ್ಚು ಮೀಟರ್ ಬ್ಯಾಡ. ಎರಡು ಮೀಟರಿಗೆ ಒಂದ ಅಡ್ರೆಸ್ ಕೊಟ್ಟಿದ್ರ ಎರಡೂ ಮಾತಾಡೂದಿಲ್ಲ. ಸಿಟಿ (ಕರೆಂಟ್ ಅಳತಿ ಮಾಡೂ ಸುರುಳಿ) ಉಲ್ಟಾ ಹಾಕಿದ್ರ ಒಂದು ಫೇಜ್ ಮೈನಸ್ ತೋರಸತೈತಿ, ಡ್ಯಾಶ್‌ಬೋರ್ಡ್ ಮಾತ್ರ "ಉಳಿತಾಯ" ಅಂತ ಹಸರ ಬಣ್ಣ ಹಚ್ಚಿ ಕುಂತಿರತೈತಿ. ಎಲ್ಲಾ ಮೀಟರಿನ ಮೊತ್ತ ಮುಖ್ಯ ಮೀಟರಿನ 5 ಪರ್ಸೆಂಟ್ ಒಳಗ ಬರೂತನಕ ಕಾಂಟ್ರ್ಯಾಕ್ಟರನ ಬಿಲ್ ಪಾಸ್ ಮಾಡಬ್ಯಾಡ್ರಿ.

ನೀರು. ಹಾಸ್ಟೆಲಿನಾಂವಗ ದಿನಾ 135 ಲೀಟರ್, ಬಂದು ಹೋಗಾಂವಗ 45 ಅಂತ ಲೆಕ್ಕ. ನಿಮ್ಮ 1,500 ಮಂದಿಗೆ 2,02,500. ಉಳಿದ 4,500 ಮಂದಿಗೂ ಅಷ್ಟ ಬರತೈತಿ. ಒಟ್ಟು 4 ಲಕ್ಷ ಚಿಲ್ಲರ. ಟ್ಯಾಂಕರು, ಬೋರು, ನಳ ಸೇರಿ ಇದಕ್ಕಿಂತ ಬಾಳ ಹೆಚ್ಚು ಬರಾಕತ್ತಿದ್ರ ರಾತ್ರಿ 2ರಿಂದ 4ರತನಕ ಮುಖ್ಯ ಪೈಪಿನ ಮೀಟರ್ ನೋಡ್ರಿ. ಎಲ್ಲಾರೂ ಮಲಗಿದಾಗ ಹರ್ಯೂ ನೀರು ಬಹುತೇಕ ಸೋರಿಕಿನ, ಹೆಚ್ಚಾಗಿ ಫ್ಲಶ್ ಟ್ಯಾಂಕು ಮತ್ತ ಬಾಲ್ ಕಾಕ್. ಮ್ಯಾಲಿನ ಟ್ಯಾಂಕಿಗೆ ಅಲ್ಟ್ರಾಸಾನಿಕ್ ಸೆನ್ಸರ್ ಬ್ಯಾಡ. ಮುಚ್ಚಳದ ಕೆಳಗ ಹಬಿ ಕಟ್ಟಿ ಹನಿ ಕುಂತು ಟ್ಯಾಂಕ್ ತುಂಬೇತಿ ಅಂತ ಸುಳ್ಳು ಹೇಳತೈತಿ. ನೀರಾಗ ಮುಳುಗೂ ಪ್ರೆಶರ್ ಸೆನ್ಸರ್, 4-20 ಮಿಲಿಆಂಪ್‌ದು, ಹಾಕ್ರಿ. ಪಂಪಿಗೆ ಡ್ರೈ-ರನ್ (ನೀರಿಲ್ಲದ ಓಡೂದು) ರಕ್ಷಣೆ ಪ್ಯಾನೆಲಿನಾಗ ಇರಬೇಕು, ಮೊಬೈಲ್ ಆಪಿನಾಗ ಅಲ್ಲ. ನೆಟ್‌ವರ್ಕ್ ಹೋದಾಗ ಮೋಟರ್ ಸುಡಬಾರದು.

ಔಂಧ್_ಕನ್ನಡಿಗ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಮೂವರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ವೈಫೈ ಬಗ್ಗೆ ದೂರು ನಿಲ್ಲುತ್ತಿಲ್ಲ: ಸಿಗ್ನಲ್ ಫುಲ್ ಇದೆ, ಕನೆಕ್ಟ್ ಆಗುವುದಿಲ್ಲ. ಮತ್ತೆ ದೂರುಗಳೆಲ್ಲ ವಾಟ್ಸಾಪಿನಲ್ಲೇ ಬರುತ್ತವೆ, ಹೆಲ್ಪ್‌ಡೆಸ್ಕ್ ಆಪ್ ಯಾರೂ ಮುಟ್ಟುವುದಿಲ್ಲ.

ಬಾಣೇರ್_ಬಳಗ

ಸಿಗ್ನಲ್ ಇದ್ದೂ ಕನೆಕ್ಟ್ ಆಗದಿದ್ದರೆ ಮೊದಲು ಡಿಎಚ್‌ಸಿಪಿ (ಫೋನಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ನೋಡಿ. ಈಗಿನ ಫೋನುಗಳು ಮ್ಯಾಕ್ ಅಡ್ರೆಸ್ (ಸಾಧನದ ಗುರುತು ಸಂಖ್ಯೆ) ಬದಲಿಸುತ್ತಿರುತ್ತವೆ, ಹೀಗಾಗಿ ಒಂದೇ ಫೋನು ಮೂರ್ನಾಲ್ಕು ಐಪಿ ಹಿಡಿದಿಟ್ಟಿರುತ್ತದೆ. ಲೀಸ್ (ವಿಳಾಸ ಕೊಟ್ಟಿಡುವ ಅವಧಿ) 24 ಗಂಟೆ ಇದ್ದು ಪೂಲ್ (ವಿಳಾಸಗಳ ಸಂಗ್ರಹ) /24 ಇದ್ದರೆ 254 ವಿಳಾಸ ಬೆಳಿಗ್ಗೆ ಹತ್ತಕ್ಕೇ ಖಾಲಿ. ಲೀಸನ್ನು 1 ಗಂಟೆಗೆ ಇಳಿಸಿ, ಪೂಲನ್ನು /21 ಮಾಡಿ, ಅಂದರೆ 2,046 ವಿಳಾಸ. ಮ್ಯಾಕ್ ನೋಂದಣಿ ಮೇಲೆ ಲಾಗಿನ್ ನಡೆಸುತ್ತಿದ್ದರೆ ಬಿಟ್ಟುಬಿಡಿ, 802.1ಎಕ್ಸ್ (ಪ್ರತಿಯೊಬ್ಬರ ಸ್ವಂತ ಗುರುತಿನ ಮೇಲಿನ ಲಾಗಿನ್) ಹಾಕಿ. ಹೇಗೂ ಅದನ್ನು ಮಾಡಿದರೆ ಅರ್ನೆಟ್ (ಕೇಂದ್ರದ ಶಿಕ್ಷಣ-ಸಂಶೋಧನಾ ನೆಟ್‌ವರ್ಕ್ ಸಂಸ್ಥೆ) ನಡೆಸುವ ಎಡುರೋಮ್‌ಗೆ (ಬೇರೆ ವಿವಿಗಳಲ್ಲೂ ಅದೇ ಲಾಗಿನ್‌ನಿಂದ ವೈಫೈ) ಸೇರುವುದು ಸಣ್ಣ ಕೆಲಸ.

ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಲ್ಯಾನ್ ಕೇಬಲ್ ಎಲ್ಲಾದರೂ ಇದ್ದರೆ ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಕಿತ್ತು ಸಿಂಗಲ್ ಮೋಡ್ ಫೈಬರ್ ಎಳೆಯಿಸಿ. ಸಿಡಿಲು ಹತ್ತಿರ ಬಿದ್ದರೆ ಎರಡೂ ತುದಿಯ ಸ್ವಿಚ್ ಒಟ್ಟಿಗೆ ಹೋಗುತ್ತವೆ. ಲಾಗ್‌ಗಳನ್ನು 180 ದಿನ ಇಡುವುದು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ತಿಳಿಸುವುದು 2022ರ ಆದೇಶದಲ್ಲಿದೆ. ರಾತ್ರಿ ಫೋನ್ ಎತ್ತುವವರು ಯಾರು ಅಂತ ಈಗಲೇ ಬರೆದಿಡಿ.

ಕೋಥರೂಡ್_ರಾಯರು

ಹೆಲ್ಪ್‌ಡೆಸ್ಕ್‌ಗೆ: ಆಪ್ ಇನ್‌ಸ್ಟಾಲ್ ಮಾಡಿ ಅಂತ ಯಾರನ್ನೂ ಗೋಗರೆಯಬೇಡಿ. ಪ್ರತಿ ಕೊಠಡಿಯ ಬಾಗಿಲಿಗೆ, ಪ್ರತಿ ಪ್ರೊಜೆಕ್ಟರಿಗೆ ಕ್ಯೂಆರ್ ಅಂಟಿಸಿ. ಸ್ಕ್ಯಾನ್ ಮಾಡಿದರೆ ಜಾಗ, ವಸ್ತು ತಾನೇ ತುಂಬಿದ ಫಾರಂ ತೆರೆಯಲಿ, ಬರೆಯುವುದು ಒಂದೇ ಸಾಲು. ಲಾಗಿನ್ ಕೇಳಬೇಡಿ. ಎಲೆಕ್ಟ್ರಿಶಿಯನ್, ಪ್ಲಂಬರ್‌ಗೆ ಮರಾಠಿಯಲ್ಲೇ ಎಸ್ಸೆಮ್ಮೆಸ್ ಹೋಗಲಿ. ಕೆಲಸ ಮುಗಿಯಿತು ಎಂದು ಒತ್ತುವ ಅಧಿಕಾರ ದೂರು ಕೊಟ್ಟವರಿಗಿರಲಿ. ಅವರು 3 ದಿನ ಸುಮ್ಮನಿದ್ದರೆ ತಾನಾಗಿ ಮುಚ್ಚಲಿ. ವಾಟ್ಸಾಪ್ ಗ್ರೂಪನ್ನು ಒಮ್ಮೆಗೇ ಮುಚ್ಚಿದರೆ ಗಲಾಟೆ ಏಳುತ್ತದೆ. ಒಂದು ತಿಂಗಳು ಅಲ್ಲಿ ಬಂದದ್ದನ್ನು ನಿಮ್ಮ ಆಪರೇಟರೇ ಟಿಕೆಟ್ ಮಾಡಿ ಅದೇ ಗ್ರೂಪಿನಲ್ಲಿ ನಂಬರ್ ಹಾಕಲಿ.

ವರದಿಯಲ್ಲಿ ಎಷ್ಟು ಟಿಕೆಟ್ ಮುಗಿದವು ಅನ್ನುವುದನ್ನು ನೋಡಬೇಡಿ, ಒಂದೇ ಕೊಠಡಿಯಿಂದ ಅದೇ ದೂರು ಎಷ್ಟು ಸಲ ಬಂತು ನೋಡಿ. ಮೂರನೇ ಸಲ ಬಂದ ಪ್ರೊಜೆಕ್ಟರನ್ನು ರಿಪೇರಿಗೆ ಕಳಿಸದೆ ಬದಲಿಸಿ.

ಜತ್ತದಾಂವ

ಕ್ಯೂಆರ್ ಕಾಗದದ ಮ್ಯಾಲ ಬ್ಯಾಡ್ರಿ, ಪುಣೆ ಮಳಿಗೆ ಎರಡು ವಾರ ಬಾಳೂದಿಲ್ಲ. ಪಂಪ್ ಹೌಸ್, ಡಿಜಿ (ಡೀಸೆಲ್ ಜನರೇಟರ್) ರೂಮಿಗೆ ಅಕ್ರಿಲಿಕ್ ಪಟ್ಟಿ ಮಾಡಿಸಿ ಸ್ಕ್ರೂ ಹೊಡೀರಿ.