ಪದಚರ್ಚೆ: ವೆಬ್‌ಸೈಟಿನ ‘ಕಂಟೆಂಟ್’ ವಿಷಯವೇ, ಹೂರಣವೇ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ವಾಚನಾಲಯಕ್ಕೊಂದು ವೆಬ್‌ಸೈಟ್ ಮಾಡಿಸುವ ಮಾತು ನಡೆದಿದೆ. ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್ ಎಂಬ ವೆಬ್‌ಸೈಟ್ ಕಟ್ಟುವ ಮೂರು ತಂತ್ರಾಂಶಗಳಲ್ಲಿ ಯಾವುದು ನಮಗೆ ಒಗ್ಗೀತು ಎಂದು ಆಡಳಿತ ಮಂಡಳಿಗೆ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಸಿಎಂಎಸ್ ಎನ್ನುತ್ತಾರೆ. ಅದು ಬರುವ ಕಡೆಯೆಲ್ಲ ‘ವಿಷಯ ನಿರ್ವಹಣಾ ವ್ಯವಸ್ಥೆ’ ಎಂದು ಬರೆದೆ. ಸಚಿವಾಲಯದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಅದನ್ನೋದಿ, “ವಿಷಯ ನಿರ್ವಾಹಕರು ಯಾರು? ಕಡತ ಯಾರ ಮೇಜಿಗೆ ಹೋಗುತ್ತೆ?” ಎಂದು ಕೇಳಿದರು. ತಮಾಷೆಗಲ್ಲ. ಸರ್ಕಾರಿ ಕಚೇರಿಯಲ್ಲಿ ವಿಷಯ ನಿರ್ವಾಹಕ ಎಂದರೆ ಕಡತ ನೋಡಿಕೊಳ್ಳುವ ಕೇಸ್‌ವರ್ಕರ್ ತಾನೇ. ಅವರ ಓದೇ ಸರಿ, ನನ್ನ ಪದವೇ ತಪ್ಪು.

ಪುಸ್ತಕದ ಪರಿವಿಡಿಗೆ ‘ವಿಷಯಸೂಚಿ’ ಎನ್ನುತ್ತೇವಲ್ಲ, ಕಂಟೆಂಟ್‌ಗೆ ‘ವಿಷಯ’ ಅಂಟಿಕೊಂಡದ್ದು ಅಲ್ಲಿಂದಲೇ ಇರಬೇಕು ಎಂದು ನನ್ನ ಊಹೆ. ಅಲ್ಲಿ ಅದು ಒಪ್ಪುತ್ತದೆ, ಅಧ್ಯಾಯಗಳು ಯಾವುದರ ಬಗ್ಗೆ ಎಂದು ತಾನೇ ಹೇಳುವುದು. ವಾಚನಾಲಯದ ರಜಾ ದಿನಗಳ ಪಟ್ಟಿ, ಹೊಸ ಪುಸ್ತಕಗಳ ಫೋಟೊ, ಸಭೆಯ ಪಿಡಿಎಫ್ ಇವೆಲ್ಲ ವಿಷಯ ಹೇಗಾದಾವು? ‘ಸಾಮಗ್ರಿ’ ಎಂದರೆ ಸಿಮೆಂಟು, ಜಲ್ಲಿ ನೆನಪಾಗುತ್ತದೆ. ‘ಸರಕು’ ಲಾರಿಯದು.

ನನಗೆ ಹಿಡಿಸಿರುವುದು ‘ಹೂರಣ’. ಸಂಸ್ಕೃತದ ಪೂರಣವೇ ಪಕಾರ ಹಕಾರವಾಗಿ ಹೂರಣವಾದದ್ದು. ತುಂಬುವಂಥದ್ದು ಎಂಬ ಮೂಲಾರ್ಥ ಇನ್ನೂ ಉಳಿದಿದೆ. ಸಿಎಂಎಸ್ ಮಾಡುವ ಕೆಲಸವನ್ನೂ ಹೋಳಿಗೆಯಿಂದಲೇ ವಿವರಿಸಬಹುದು: ಥೀಮ್, ಅಂದರೆ ಪುಟದ ಹೊರನೋಟ, ಕಣಕ, ಅದನ್ನು ಬದಲಾಯಿಸಿದರೂ ಒಳಗಿನ ಹೂರಣ ಡೇಟಾಬೇಸಿನಲ್ಲಿ ಹಾಗೇ ಇರುತ್ತದೆ. ಮಂಡಳಿಗೆ ಇದು ಥಟ್ಟನೆ ಅರ್ಥವಾಯಿತು. ಆದರೆ ‘ಹೂರಣ ನಿರ್ವಹಣಾ ವ್ಯವಸ್ಥೆ’ ಎಂದು ಠರಾವಿನಲ್ಲಿ ಬರೆಯಲು ಕಾರ್ಯದರ್ಶಿಗಳು ಸುತರಾಂ ಒಪ್ಪುತ್ತಿಲ್ಲ.

ಜೂಮ್ಲಾ ಹೆಸರು ಕೇಳಿದಾಗಲೂ ಸಭೆಯಲ್ಲಿ ನಗೆ ಎದ್ದಿತು, ಚುನಾವಣೆ ಭಾಷಣದ ಜುಮ್ಲಾ ನೆನಪಾಗಿ. ನಿಜಕ್ಕೂ ನೆಂಟಸ್ತಿಕೆ ಇದೆ. 2005ರಲ್ಲಿ ಹೆಸರಿಟ್ಟವರು ತೆಗೆದುಕೊಂಡದ್ದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ‘ಜುಮ್ಲಾ’, ಎಲ್ಲ ಒಟ್ಟಾಗಿ ಎಂಬರ್ಥದ್ದು. ಸ್ವಾಹಿಲಿಗೂ ಹಿಂದಿಗೂ ಅದು ಅರಬ್ಬಿಯಿಂದ ಬಂದದ್ದೇ.

ಕೊನೆಗೆ ವರ್ಡ್‌ಪ್ರೆಸ್ ಕಡೆಗೇ ವಾಲಿದ್ದೇವೆ. ಅಲ್ಲಿ ಇನ್ನೊಂದು ಪದ ಕಾಡುತ್ತಿದೆ: ‘ಸ್ಲಗ್’, ವೆಬ್ ವಿಳಾಸದ ಕೊನೆಗೆ ಬರುವ ತುಂಡು. ತಲೆಬರಹದಿಂದ ಅದು ತಾನೇ ಹುಟ್ಟುತ್ತದೆ. ‘ಗ್ರಂಥಾಲಯದ ವಾರ್ಷಿಕ ಸಭೆಯ ವರದಿ’ ಎಂದು ಕೊಟ್ಟರೆ ‘ಗ್ರಂಥಾಲಯದ-ವಾರ್ಷಿಕ-ಸಭೆಯ-ವ’ ಎಂದು ಉಳಿಯಿತು. ಏಕೆಂದರೆ ಕಂಪ್ಯೂಟರು ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಅಕ್ಷರ, ಇಳಿ, ಗುಡಿಸು ಪ್ರತಿಯೊಂದಕ್ಕೂ 3 ಬೈಟ್. ವಿಳಾಸಕ್ಕೆ ಹೋಗುವಾಗ ಅದು ಶೇಕಡಾ ಚಿಹ್ನೆಗಳೂ ಸೇರಿ 9 ಚಿಹ್ನೆಯಾಗುತ್ತದೆ. ಸ್ಲಗ್‌ಗೆ ಇರುವ ಜಾಗ ಇಂಥ 200 ಚಿಹ್ನೆಗಳಷ್ಟು. ‘ವ’ ಹಿಡಿಯಿತು, ‘ರ’ ಹಿಡಿಯಲಿಲ್ಲ. ಆದ್ದರಿಂದ ಕೈಯಿಂದಲೇ ಚಿಕ್ಕದು ಮಾಡಿ ಬರೆಯಿರಿ ಎಂದು ಗ್ರಂಥಪಾಲಕರಿಗೆ ಸೂಚನೆ ಬರೆಯಬೇಕು. ಏನನ್ನು ಎಂದು ಬರೆಯಲಿ? ಸದ್ಯಕ್ಕೆ ‘ವಿಳಾಸದ ಬಾಲ’ ಎಂದಿದ್ದೇನೆ. ಪತ್ರಿಕೆಯವರು ಸುದ್ದಿಯ ಗುರುತಿಗೆ ಇಡುವ ಚಿಕ್ಕ ಹೆಸರಿಗೂ ಸ್ಲಗ್ ಎನ್ನುವುದುಂಟು. ಕನ್ನಡ ಸುದ್ದಿಮನೆಗಳಲ್ಲಿ ದುಡಿದವರು ಇಲ್ಲಿದ್ದೀರಿ. ಡೆಸ್ಕಿನಲ್ಲಿ ಅದಕ್ಕೆ ಏನನ್ನುತ್ತಿದ್ದಿರಿ?

ಹೂರಣದ ಬಗ್ಗೆಯೂ ತಿಳಿಸಿ. ಠರಾವು ಬರುವ ಭಾನುವಾರ.